ಗಲ್ಲಾದ ಹಿಂದಿನ ಬಲಗಾಲು

ರೋಗಿಗೂ ಚಿಕಿತ್ಸೆ ಮಾಡುವವರಿಗೂ ನಡುವೆ ಇರುವ ನಂಬಿಕೆಯೇ ವೈದ್ಯಕೀಯದ ತಳಪಾಯ ಎಂದು ಹಿರಿಯರು ಹೇಳಿದ್ದಾರೆ. ಹೇಳಿದ ಹಿರಿಯರಲ್ಲಿ ಯಾರೂ ಊದಿದ ಕಾಲಿಗೆ ಪಟ್ಟಿ ಸುತ್ತಿ ಜೀವನ ಮಾಡಿದವರಲ್ಲ. ನನ್ನ ಕಸುಬಿನ ತಳಪಾಯ ಒಂದು ಅಳತೆ ಟೇಪು. ಮುಂಬಯಿ ಮಗ್ಗುಲಿನ ಡೊಂಬಿವಲಿ ಸ್ಟೇಷನ್ನಿನ ಹೊರಗೆ, ದರ್ಜಿಗಳಿಗೆ ಗುಂಡಿ-ದಾರ ಮಾರುವ ಅಂಗಡಿಯಲ್ಲಿ ಕೊಂಡದ್ದು. "ದಿನಾ ಕಟ್ಟಿಕೊಳ್ತಿದ್ದೇನೆ ಮೇಡಂ" ಎಂದು ರೋಗಿ ಹೇಳುತ್ತಾರೆ. ಇಲ್ಲ ಎಂದು ಟೇಪು ಹೇಳುತ್ತದೆ. ನಾನು ಟೇಪಿನ ಪಕ್ಷ.

ನಾನು ಫಿಸಿಯೋಥೆರಪಿಸ್ಟ್. ಪಕ್ಕದ ಠಾಕುರ್ಲಿಯ ಒಂದು ಹೌಸಿಂಗ್ ಸೊಸೈಟಿಯ ನೆಲಮಹಡಿಯಲ್ಲಿ ಕೋಣೆ, ಒಂದು ಎತ್ತರದ ಮಂಚ, ಕಪಾಟಿನ ತುಂಬ ಪಟ್ಟಿ. ನೋಡುವುದು ಹೆಚ್ಚಾಗಿ ಲಿಂಫೆಡಿಮಾ. ಮೈಯೊಳಗಿನ ದುಗ್ಧರಸವನ್ನು ಸಾಗಿಸುವ ಸಣ್ಣ ನಾಳಗಳು ಕೆಟ್ಟರೆ ರಸ ಅಲ್ಲಲ್ಲೇ ನಿಂತು ಕೈಯೋ ಕಾಲೋ ಊದುತ್ತದೆ. ಬೇರುಸಹಿತ ಹೋಗುವ ಕಾಯಿಲೆಯಲ್ಲ, ಅಂಕೆಯಲ್ಲಿಡಬಹುದು. ಹಗುರ ಕೈಯಿಂದ ನೀವಿ ರಸವನ್ನು ಮೇಲಕ್ಕೆ ಹರಿಸಬೇಕು, ಪದರ ಪದರವಾಗಿ ಪಟ್ಟಿ ಸುತ್ತಿ ಒತ್ತಡ ಕೊಡಬೇಕು, ಚರ್ಮವನ್ನು ಹಸುಗೂಸಿನ ಚರ್ಮದಂತೆ ಕಾಯಬೇಕು. ಇದರಲ್ಲಿ ಮೊದಲೆರಡನ್ನು ರೋಗಿಗಳು ಚಿಕಿತ್ಸೆ ಅನ್ನುತ್ತಾರೆ, ಮೂರನೆಯದನ್ನು ಮೇಡಮ್ಮಿನ ಕಿರಿಕಿರಿ ಅನ್ನುತ್ತಾರೆ.

ಈ ಕಥನದ ಕಾಲು ಡೊಂಬಿವಲಿ ಪೂರ್ವದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ, ಉಡುಪಿ ಕಡೆಯ ಯಜಮಾನರೊಬ್ಬರದು. ಬಲಗಾಲು. ಚಿಕ್ಕವರಿದ್ದಾಗ ಊರಲ್ಲಿ ಬಂದ ಫೈಲೇರಿಯಾದ ಉಳಿಕೆ. ಆನೆಕಾಲು ಎಂಬ ಶಬ್ದವನ್ನು ಅವರೆದುರು ಯಾರೂ ಎತ್ತುವಂತಿಲ್ಲ. "ಒಂದು ಕಾಲು ಸ್ವಲ್ಪ ದಪ್ಪ ಉಂಟು" ಎಂಬುದು ಅಧಿಕೃತ ಹೇಳಿಕೆ. ನನ್ನ ಹತ್ತಿರ ಬಂದ ಮೇಲೆ ಕಾಲು ಚೆನ್ನಾಗಿಯೇ ಇಳಿಯಿತು. ಬೆಳಿಗ್ಗೆ ಪಟ್ಟಿ ಕಟ್ಟುವುದನ್ನು ಅವರ ಹೆಂಡತಿಗೆ ಕಲಿಸಿದೆ, ಮಲಗುವಾಗ ಬಿಚ್ಚುವುದನ್ನು ಅವರೇ ಕಲಿತುಕೊಂಡರು. ಯಜಮಾನರು ದರ್ಜಿಯ ಹತ್ತಿರ ಹೋಗಿ ಎಲ್ಲ ಪ್ಯಾಂಟುಗಳನ್ನೂ ಸಣ್ಣ ಮಾಡಿಸಿಕೊಂಡರು. ಆ ಅವಸರ ಬೇಡವಾಗಿತ್ತು.

ಯಾಕೆಂದರೆ ಸೆಲ್ಯುಲೈಟಿಸ್ ಬಂತು. ಚರ್ಮದ ಕೆಳಗಿನ ಪದರಕ್ಕೆ ತಗಲುವ ಸೋಂಕು. ಲಿಂಫೆಡಿಮಾಕ್ಕೂ ಇದಕ್ಕೂ ಬೀಗತನ. ಬಾವು ಸೋಂಕನ್ನು ಮನೆಗೆ ಕರೆಯುತ್ತದೆ. ಬಂದ ಸೋಂಕು ಅಳಿದುಳಿದ ನಾಳಗಳನ್ನೂ ಕೆಡಿಸಿ ಬಾವನ್ನು ಹೆಚ್ಚಿಸಿ ಹೋಗುತ್ತದೆ. ಹೆಚ್ಚಿದ ಬಾವು ಇನ್ನೂ ಆದರದಿಂದ ಮತ್ತೆ ಕರೆಯುತ್ತದೆ. ಮೊದಲ ಸಲ ಮಾತ್ರೆಯಲ್ಲಿ ಇಳಿಯಿತು. ಆಗಲೇ ಕಲ್ಯಾಣದ ಡಾಕ್ಟರು, ನಾವಿಬ್ಬರೂ ರೋಗಿಗಳನ್ನು ಹಂಚಿಕೊಂಡು ನೋಡುವ ಫಿಜಿಷಿಯನ್, ಎಚ್ಚರಿಕೆ ಕೊಟ್ಟಿದ್ದರು: ಇದು ಹೀಗೇ ಮರಳುತ್ತಿದ್ದರೆ ಗಲ್ಲಾ ಬಿಟ್ಟು ಮನೆಯಲ್ಲಿ ಕಾಲು ಮೇಲಿಟ್ಟು ಕೂರಬೇಕಾಗುತ್ತದೆ.

ಗಲ್ಲಾ ಅಂದರೆ ಹೋಟೆಲಿನ ಬಾಗಿಲ ಬಳಿ ದುಡ್ಡು ತೆಗೆದುಕೊಳ್ಳುವ ಕಟ್ಟೆ. ಯಜಮಾನರಿಗೆ ಅದು ಸಿಂಹಾಸನ. ಹೋಟೆಲಿನಲ್ಲಿ ಪಾಲುದಾರನಾಗಿದ್ದ ಭಾವಮೈದ, ಅಂದರೆ ಹೆಂಡತಿಯ ತಮ್ಮ, ಒಳಗೆ ಅಡಿಗೆ ನೋಡುತ್ತಿದ್ದ. ತಾನು ಎದ್ದ ಕೂಡಲೇ ಅವನು ಬಂದು ಕೂರುತ್ತಾನೆ, ಕೂತ ಮೇಲೆ ಏಳುವುದಿಲ್ಲ ಎಂಬುದು ಯಜಮಾನರ ಅಚಲ ನಂಬಿಕೆ. ನನಗೂ ಅವನ ಮೇಲೆ ಗುಮಾನಿಯಿತ್ತು. ಮಾತಾಡದ ಮನುಷ್ಯ. ಮಾತಾಡದವರು ಏನನ್ನೋ ಕಾಯುತ್ತಿರುತ್ತಾರೆ ಎಂದು ನನ್ನ ಲೆಕ್ಕ.

ಎರಡನೆಯ ಸಲ ಬಂದದ್ದು ಮಳೆ ಹಿಡಿದ ಮೇಲೆ. ಬೆಳಿಗ್ಗೆ ಹೆಂಡತಿಯ ಫೋನು. ಹೋದರೆ ಯಜಮಾನರು ಎರಡು ಕಂಬಳಿಯ ಕೆಳಗೆ ನಡುಗುತ್ತಿದ್ದಾರೆ.

"ಎಂತ ಇಲ್ಲ ಮೇಡಂ. ಸಣ್ಣ ಚಳಿ. ಈಗ ಎಲ್ಲ ಕಡೆ ವೈರಲ್ ಉಂಟಲ್ಲ."

"ವೈರಲ್ಲು ಬಲಗಾಲಿಗೆ ಮಾತ್ರ ಬರುವುದಿಲ್ಲ" ಎಂದೆ.

"ನಿನ್ನೆ ಸಂಜೆಯಿಂದ ನಡುಗುದು ಮೇಡಂ" ಎಂದರು ಹೆಂಡತಿ. "ಹೋಟೆಲು ಬಾಗಿಲು ಹಾಕುವವರೆಗೆ ಹಾಗೇ ನಿಂತಿದ್ರಂತೆ. ಹೇಳ್ಬೇಡ ಅಂತ ನನಗೆ ಆಣೆ."

"ನೀನು ಸುಮ್ನಿರು ಮಾರಾಯ್ತಿ."

ಪಟ್ಟಿ ಬಿಚ್ಚಿದೆ. ಪಾದದಿಂದ ಮೊಣಕಾಲಿನತ್ತ ಕೆಂಪು ಏರಿತ್ತು. ಅಂಗೈ ಇಟ್ಟರೆ ತವೆಯ ಕಾವು. ಕೆಂಪಿನ ಅಂಚಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದೆ. ಸೋಂಕು ಗೆರೆ ದಾಟುತ್ತದೋ ಹಿಂದೆ ಸರಿಯುತ್ತದೋ ಎಂದು ತಿಳಿಯಲು ಇದಕ್ಕಿಂತ ಸರಳ ಉಪಾಯವಿಲ್ಲ. ಯಜಮಾನರು ಗೆರೆಯನ್ನು ನೋಡಿ, "ಸೊಸೈಟಿಯವರು ಪಾರ್ಕಿಂಗಿಗೆ ಎಳೆದ ಹಾಗೆ ಆಯ್ತು" ಎಂದರು. ಅದನ್ನೂ ಯಾರೂ ಪಾಲಿಸುವುದಿಲ್ಲ ಎಂದೆ.

ಇಂಥ ಹೊತ್ತಿನಲ್ಲಿ ನನ್ನ ವಿದ್ಯೆಯೆಲ್ಲ ಕೈಕಟ್ಟಿ ನಿಲ್ಲಬೇಕು. ನೀವುವಂತಿಲ್ಲ, ನೋವು-ಉರಿಯಲ್ಲಿರುವ ಕಾಲಿಗೆ ಬಿಗಿ ಪಟ್ಟಿ ಸುತ್ತುವಂತಿಲ್ಲ. ಕಾಲು ಎತ್ತರದಲ್ಲಿಟ್ಟು ಡಾಕ್ಟರ ಹತ್ತಿರ ಒಯ್ಯುವುದಷ್ಟೇ. ಡಾಕ್ಟರು ನನಗಿಂತ ಸಂಶಯಪ್ರಾಣಿ. ಕೆಂಪು ಕಾಲು ಕಂಡ ಕೂಡಲೇ ಸೆಲ್ಯುಲೈಟಿಸ್ ಅಂದುಬಿಡುವವರಲ್ಲ. ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೂ ಕಾಲು ಹೀಗೇ ಊದುತ್ತದೆ ಎಂದು, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ಹೆಪ್ಪು ಇರಲಿಲ್ಲ. ಜ್ವರ ಜೋರಿತ್ತು, ನಾಡಿ ಓಡುತ್ತಿತ್ತು. ಸೋಂಕು ರಕ್ತಕ್ಕೆ ಇಳಿದರೆ ಆಮೇಲೆ ಕಾಲಿನ ಮಾತಲ್ಲ, ಜೀವದ ಮಾತು ಎಂದು ಕಲ್ಯಾಣದ ನರ್ಸಿಂಗ್ ಹೋಮಿನಲ್ಲೇ ಮಲಗಿಸಿ ಇಂಜೆಕ್ಷನ್ ಶುರುಮಾಡಿದರು.

ವಾರ್ಡಿನ ಹೊರಗೆ ಭಾವಮೈದ ನನ್ನನ್ನು ತಡೆದ. ಅವನ ಬಾಯಿಂದ ನಾನು ಕೇಳಿದ ಮೊದಲ ಪೂರ್ಣ ವಾಕ್ಯ ಅದು.

"ಮೇಡಂ, ಬೇಜಾರು ಮಾಡ್ಬೇಡಿ. ಮೊದಲು ಭಾವನಿಗೆ ಕಾಲು ದಪ್ಪ ಇತ್ತು, ಆದ್ರೆ ವರ್ಷಗಟ್ಟಲೆ ಜ್ವರ ಬರ್ಲಿಲ್ಲ. ನಿಮ್ಮ ಪಟ್ಟಿ ಶುರುವಾದ ಮೇಲೆ ಎರಡು ಸಲ. ಇದು ಎಂತದ್ದು?"

ಬಾವು ಹೇಗೆ ಸೋಂಕನ್ನು ಕರೆಯುತ್ತದೆ ಎಂದು ವಿವರಿಸಿದೆ. ಬೀಗತನದ ಉಪಮೆಯನ್ನೂ ಕೊಟ್ಟೆ. ಅವನು ಪೂರ್ತಿ ಕೇಳಿ, "ಸರಿ, ಆದ್ರೆ ಪಟ್ಟಿ ಮೊದಲು ಇರ್ಲಿಲ್ಲ" ಎಂದು ಹೊರಟುಹೋದ. ವಕೀಲನಾಗಬೇಕಿದ್ದವನು ಇಡ್ಲಿ ಹಾಕುತ್ತಿದ್ದಾನೆ ಅನ್ನಿಸಿತು. ಇವನಿಗೆ ಚಿಕಿತ್ಸೆ ನಿಲ್ಲಿಸುವುದೇ ಬೇಕಾಗಿದೆ ಎಂದೂ ಅನ್ನಿಸಿತು. ಆದರೆ ಅವನ ಪ್ರಶ್ನೆಗೆ ನಾನು ಕೊಟ್ಟದ್ದು ಉತ್ತರವಾಗಿರಲಿಲ್ಲ, ಅದು ನನಗೂ ಗೊತ್ತಿತ್ತು.

ಕೆಲವು ದಿನಗಳಲ್ಲಿ ಜ್ವರ ಬಿಟ್ಟಿತು. ಕೆಂಪು ನನ್ನ ಗೆರೆಯಿಂದ ಒಳಗೆ ಸರಿಯಿತು. ಆದರೆ ಪಟ್ಟಿಯಿಲ್ಲದ ಕಾಲು ನಾನು ಮೊದಲ ದಿನ ನೋಡಿದ್ದಕ್ಕಿಂತಲೂ ದಪ್ಪವಾಗಿತ್ತು. ಇನ್ನೂ ಕಾದರೆ ಕೆಲವು ತಿಂಗಳ ಕೆಲಸ ನೀರಿನಲ್ಲಿ ಹೋಮ, ಅಷ್ಟೇ ಅಲ್ಲ, ಆ ನಿಂತ ರಸವೇ ಮುಂದಿನ ಸೋಂಕಿಗೆ ಹಾಸಿಗೆ. ಬೇಗ ಕಟ್ಟಿದರೆ, ಒಳಗೆ ಸೋಂಕು ಉಳಿದಿದ್ದರೆ, ನೋವು ಹೆಚ್ಚಿ ಚರ್ಮ ಒಡೆದು, ಭಾವಮೈದನ ವಾದಕ್ಕೆ ನಾನೇ ಸಾಕ್ಷಿ ಒದಗಿಸಿದಂತೆ. ಎರಡೂ ಕಾಯಿಲೆ ಒಟ್ಟಿಗೆ ಇದ್ದಾಗ ಕಷ್ಟ ಇರುವುದು ಇಲ್ಲೇ. ಇದಕ್ಕೆ ಬೇಕಾದದ್ದು ಅದಕ್ಕೆ ಬೇಡ.

ಡಾಕ್ಟರು ಒಪ್ಪಲಿಲ್ಲ. ಬೆಂಕಿ ಇನ್ನೂ ಪೂರ್ತಿ ಆರಿಲ್ಲ, ನೀವು ರಜಾಯಿ ಹೊದಿಸಲು ಹೊರಟಿದ್ದೀರಿ ಎಂದು ಹಿಂದಿಯಲ್ಲಿ ಹೇಳಿದರು. ನಾನು ಅವರನ್ನು ಮಂಚದ ಬಳಿ ಕರೆದು ಯಜಮಾನರ ಮೀನಖಂಡದ ಮೇಲೆ ಅಂಗೈ ಇಟ್ಟು ನಿಧಾನವಾಗಿ ಒತ್ತಿದೆ. "ನೋವಾಯ್ತಾ?" "ಇಲ್ಲ." ಈ "ಇಲ್ಲ"ವನ್ನು ನಾವಿಬ್ಬರೂ ನಂಬಲಿಲ್ಲ. ಹಾಗಾಗಿ ಮಾತು ಬಿಟ್ಟು ಮುಖ ನೋಡುತ್ತ ಮತ್ತೆ ಒತ್ತಿದೆ. ಹುಬ್ಬು ಅಲುಗಲಿಲ್ಲ. ಆಮೇಲೆ ಒಪ್ಪಂದಕ್ಕೆ ಬಂದೆವು. ಇಂಜೆಕ್ಷನ್ ಮುಗಿದು ಮಾತ್ರೆ ನಡೆಯುತ್ತಿರುವಾಗಲೇ ಪಟ್ಟಿ, ಆದರೆ ಕಡಿಮೆ ಪದರ, ಸಡಿಲ ಕೈ, ಮೊಣಕಾಲಿನ ಕೆಳಗೆ ಮಾತ್ರ. ನೋವು ಬಂದರೂ ಬೆರಳಿನ ಬಣ್ಣ ಬದಲಾದರೂ ತಕ್ಷಣ ಬಿಚ್ಚುವುದು. ಮಾರನೆಯ ಬೆಳಿಗ್ಗೆ ಡಾಕ್ಟರು ತಾವೇ ಬಿಚ್ಚಿ ನೋಡುವುದು. ಕಟ್ಟಿದೆ. ಮಾರನೆಯ ಬೆಳಿಗ್ಗೆ ಡಾಕ್ಟರು ಬಿಚ್ಚಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿ, "ಠೀಕ್ ಹೈ" ಎಂದರು. ಅವರ ಮಟ್ಟಿಗೆ ಅದು ಸನ್ಮಾನ.

ಮನೆಗೆ ಕಳಿಸುವಾಗ ಯಜಮಾನರಿಗೆ ತೀರ್ಪನ್ನೂ ಓದಿದರು. ಮತ್ತೊಮ್ಮೆ ಈ ಸ್ಥಿತಿಯಲ್ಲಿ ಬಂದರೆ ಗಲ್ಲಾ ಬಂದ್.

ಈಗ ನನಗಿದ್ದದ್ದು ಒಂದೇ ಪ್ರಶ್ನೆ. ಸೋಂಕು ಎಲ್ಲಿಂದ ಒಳಗೆ ಬರುತ್ತಿದೆ? ಬ್ಯಾಕ್ಟೀರಿಯಾ ಗೋಡೆ ಹಾರಿ ಬರುವುದಿಲ್ಲ, ಎಲ್ಲೋ ಬಾಗಿಲು ತೆರೆದಿರಬೇಕು. ಹೆಂಡತಿ ಹಚ್ಚುವ ಎಣ್ಣೆಯನ್ನು ಶಂಕಿಸಿದೆ, ಸೊಳ್ಳೆ ಕಡಿತವನ್ನು ಶಂಕಿಸಿದೆ, ಯಜಮಾನರು ಉಗುರು ಕತ್ತರಿಸುವ ರೀತಿಯನ್ನು ಶಂಕಿಸಿದೆ. ಕೊನೆಗೆ ಬಾಗಿಲು ಕಿರಿಬೆರಳಿನ ಸಂದಿಯಲ್ಲಿ ಸಿಕ್ಕಿತು. ಚರ್ಮ ನೆನೆದು ಬೆಳ್ಳಗಾಗಿ ಬಿರುಕು ಬಿಟ್ಟಿತ್ತು. ಒದ್ದೆಯಲ್ಲಿ ಬೆಳೆಯುವ ಶಿಲೀಂಧ್ರ. ಡಾಕ್ಟರು ಅದಕ್ಕೆ ಮುಲಾಮು ಬರೆದುಕೊಟ್ಟರು, ನಾನು ಬೆರಳಿನ ಸಂದಿ ಒರೆಸುವುದನ್ನು ಕಲಿಸಿದೆ, ಒದ್ದೆ ನೆಲದಲ್ಲಿ ಬರಿಗಾಲು ಇಡಕೂಡದು ಎಂದೆ.

"ಚಪ್ಪಲಿ ಹಾಕ್ತೇನಲ್ಲ ಮೇಡಂ. ಬರಿಗಾಲಲ್ಲಿ ನಡೆಯಲಿಕ್ಕೆ ನಾನೆಂತ ಪಾದಯಾತ್ರೆಗೆ ಹೊರಟದ್ದಾ?"

ಯಜಮಾನರು ಹೋಟೆಲಿಗೆ ಮರಳಿದರು. ಪ್ರತಿ ವಾರ ನನ್ನ ಕೋಣೆಗೆ ಬಂದರು, ಕಾಲಲ್ಲಿ ಚಪ್ಪಲಿ, ಕೈಚೀಲದಲ್ಲಿ ಪಟ್ಟಿ. ಮುಲಾಮು ಹಚ್ಚುತ್ತಿದ್ದಾರೆ, ಅದು ನಿಜ, ಟ್ಯೂಬು ಖಾಲಿಯಾಗುತ್ತಿತ್ತು. ಆದರೆ ಬೆರಳಿನ ಸಂದಿ ಮಾತ್ರ ಬೆಳ್ಳಗೇ. ಇನ್ನೊಂದು ವಿಷಯ ನನ್ನ ಮನಸ್ಸನ್ನು ಕೊರೆಯಿತು. ಆ ಪಟ್ಟಿಗಳು ಅತಿ ಶುಭ್ರವಾಗಿದ್ದವು. ಇಡೀ ದಿನ ನಿಲ್ಲುವ ಮನುಷ್ಯನ ಪಾದದ ಪಟ್ಟಿ ಅಷ್ಟು ಶುಭ್ರವಾಗಿರಲು ಎರಡೇ ದಾರಿ. ಒಂದೋ ಆತ ಗಾಳಿಯಲ್ಲಿ ತೇಲುತ್ತಾನೆ, ಇಲ್ಲವೋ ಪಟ್ಟಿ ಕಟ್ಟುವುದೇ ಇಲ್ಲ. ಟೇಪು ಹಾಕಿದೆ. ಕಟ್ಟುತ್ತಿದ್ದಾರೆ ಎಂದಿತು ಟೇಪು. ಜೀವನದಲ್ಲಿ ಮೊದಲ ಸಲ ಟೇಪನ್ನೂ ಶಂಕಿಸಿದೆ.

ಹೆಂಡತಿಗೆ ಫೋನು ಮಾಡಿದೆ.

"ರಾತ್ರಿ ಬಿಚ್ಚಿದ ಕೂಡ್ಲೇ ಒಗೀತೇನೆ ಮೇಡಂ. ಬಿಸಿನೀರು, ಸೋಪು, ಎರಡು ಸಲ. ಹೋಟೆಲಿಂದ ಬಂದ ಬಟ್ಟೆ ಹಾಗೇ ಇಡುದಾ?"

ಸಾಕ್ಷ್ಯನಾಶ ಪ್ರತಿರಾತ್ರಿ ಶಾಸ್ತ್ರೋಕ್ತವಾಗಿ ನಡೆಯುತ್ತಿತ್ತು. "ನಾಳೆಯದನ್ನು ಒಗೆಯಬೇಡಿ, ಹಾಗೇ ತನ್ನಿ" ಎಂದೆ. ಒಗೆಯದ ಬಟ್ಟೆಯನ್ನು ಪರರ ಕೈಗೆ ಕೊಡಿ ಎಂದು ಅವರನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಕೊನೆಗೆ ತಂದರು, ಮೂರು ಪ್ಲಾಸ್ಟಿಕ್ ಚೀಲದೊಳಗೆ, ಮುಖ ಆ ಕಡೆ ತಿರುಗಿಸಿ. ಬಿಚ್ಚಿ ನೋಡಿದೆ. ಮೀನಖಂಡದ ಭಾಗ ಸ್ವಚ್ಛ. ಅಂಗಾಲಿನ ಭಾಗ ಕಪ್ಪು. ರಾತ್ರಿಯೆಲ್ಲ ಕಳೆದಿದ್ದರೂ ಇನ್ನೂ ತೇವ. ಮೂಗಿಗೆ ಹಿಡಿದೆ. ಫಿನೈಲು, ಅದರ ಹಿಂದೆ ಸಾಂಬಾರು.

ಚಪ್ಪಲಿ ಹಾಕಿದ ಕಾಲಿನ ಪಟ್ಟಿ ಹೀಗಾಗುವುದಿಲ್ಲ.

ಹೇಳದೆ ಕೇಳದೆ ಹೋಟೆಲಿಗೆ ಹೋದೆ. ಬೆಳಗಿನ ಗಲಾಟೆ ಇಳಿದಿತ್ತು. ಬನ್ಸ್ ತಿನ್ನುತ್ತ ಗಲ್ಲಾವನ್ನು ಗಮನಿಸಿದೆ. ಕಟ್ಟೆ ಎತ್ತರವಿದ್ದದ್ದರಿಂದ ಯಜಮಾನರು ಸೊಂಟದ ಮೇಲೆ ಮಾತ್ರ ಕಾಣುತ್ತಿದ್ದರು. ಸೊಂಟದ ಮೇಲೆ ಅವರು ಆದರ್ಶ ರೋಗಿ. ಅವರ ತಲೆಯ ಹಿಂದೆ ದೇವರ ಪಟ, ಮಲ್ಲಿಗೆ ಹಾರ, ದೀಪ. ಕಟ್ಟೆಯ ಪಕ್ಕ, ಗಿರಾಕಿಗಳ ಕಡೆ, ನಾನು ಚೆನ್ನಾಗಿ ಬಲ್ಲ ಒಂದು ಜೊತೆ ಚಪ್ಪಲಿ ಶಿಸ್ತಾಗಿ ನಿಂತಿತ್ತು. ನೆಲ ಒರೆಸುವವನು ಊಟದ ಹಾಲ್‌ನಿಂದ ನೀರನ್ನು ಬಾಗಿಲ ಕಡೆ ತಳ್ಳುತ್ತಿದ್ದ. ನೆಲದ ಇಳಿಜಾರು ಗಲ್ಲಾದ ಹಿಂದಕ್ಕಿತ್ತು.

ಎದ್ದು ಹೋಗಿ, ವಯಸ್ಸಿಗೆ ತಕ್ಕದ್ದಲ್ಲದ ರೀತಿಯಲ್ಲಿ, ಕಟ್ಟೆಯ ಮೇಲೆ ಬಗ್ಗಿ ಕೆಳಗೆ ನೋಡಿದೆ. ನಾನು ಅಷ್ಟು ಜೋಪಾನವಾಗಿ ಕಟ್ಟಲು ಕಲಿಸಿದ ಪಟ್ಟಿಯ ಪಾದ ಒದ್ದೆ ಟೈಲ್ಸಿನ ಮೇಲೆ, ಬತ್ತಿ ಎಣ್ಣೆ ಹೀರುವಂತೆ ನೀರು ಹೀರುತ್ತ ನಿಂತಿತ್ತು.

"ಅಯ್ಯೋ ಮೇಡಂ! ಎಂತ ಬಿದ್ದದ್ದು?"

"ನನ್ನ ಮರ್ಯಾದೆ. ಚಪ್ಪಲಿ ಹಾಕ್ತೇನೆ ಅಂದಿರಿ."

"ಸುಳ್ಳು ಹೇಳ್ಲಿಲ್ಲ ಮೇಡಂ. ಮನೆಯಿಂದ ಇಲ್ಲಿವರೆಗೆ ಹಾಕ್ತೇನೆ, ಇಲ್ಲಿಂದ ಮನೆಗೆ ಹಾಕ್ತೇನೆ. ಗಲ್ಲಾದ ಹಿಂದೆ ಹಾಕ್ತೇನೆ ಅಂತ ಯಾವಾಗ ಹೇಳಿದ್ದು? ಇದು ಲಕ್ಷ್ಮಿಯ ಜಾಗ. ನನ್ನ ಅಪ್ಪ ಇಲ್ಲಿ ಚಪ್ಪಲಿ ಮೆಟ್ಟಿದವರಲ್ಲ, ನಾನೂ ಅಲ್ಲ."

ನಾನು ಪ್ರತಿಸಲ ಕೇಳುತ್ತಿದ್ದ ಪ್ರಶ್ನೆಗೆ ಅವರು ಪ್ರತಿಸಲ ಸತ್ಯವನ್ನೇ ಹೇಳಿದ್ದರು. ಅಂಥ ಸತ್ಯಸಂಧರ ಜೊತೆ ಏಗುವುದು ಕಷ್ಟ. ಭಾವಮೈದ ಅಡಿಗೆಮನೆಯ ಬಾಗಿಲಿಗೆ ಬಂದು, ಕೈ ಒರೆಸುತ್ತ ನಿಂತ. ಅವನಿಗೆ ಹೇಳಿದೆ, ನಿಮ್ಮ ಮಾತು ಅರ್ಧ ನಿಜವಾಯಿತು, ಪಟ್ಟಿ ಇಲ್ಲದಿದ್ದರೆ ಕಾಲು ಒದ್ದೆಯಾದರೂ ಒಣಗುತ್ತಿತ್ತು, ಪಟ್ಟಿ ನೀರನ್ನು ಹಿಡಿದಿಟ್ಟು ಇಡೀ ದಿನ ಬೆರಳಿನ ಸಂದಿಯನ್ನು ನೆನೆಹಾಕಿತು.

"ಅರ್ಧ ಸಾಕು" ಎಂದ.

"ಇನ್ನೇನು, ಇವನಿಗೆ ಸಂತೋಷ" ಎಂದರು ಯಜಮಾನರು. "ನಾಳೆಯಿಂದ ನೀನೇ ಕೂತ್ಕೋ ಇಲ್ಲಿ."

ಭಾವಮೈದ ನಿಜವಾಗಿ ಹೆದರಿದ. "ನಾನಾ? ಭಾವ, ದೇವರಾಣೆ, ಬೇಡ. ಒಬ್ಬೊಬ್ಬ ಗಿರಾಕಿ ಹತ್ರ ಹಿಂದಿಯಲ್ಲಿ, ಮರಾಠಿಯಲ್ಲಿ, ಚಿಲ್ಲರೆಗೆ ಹಲ್ಲು ಕಿರಿದು... ನನ್ನಿಂದಾಗ್ಲಿಕ್ಕಿಲ್ಲ. ಮೇಡಂ, ಹೇಗಾದ್ರೂ ಮಾಡಿ ಇವರ ಕಾಲು ನೆಟ್ಟಗೆ ಮಾಡಿ. ಇವರು ಮಲಗಿದ್ದಾಗ ನಾನಿಲ್ಲಿ ಕೂತದ್ದು, ಎರಡು ದಿನ ಅನ್ನ ಸೇರ್ಲಿಲ್ಲ ನನಗೆ."

ಯಜಮಾನರು ಅವನನ್ನೇ ನೋಡಿದರು. ಈ ಮನುಷ್ಯನಿಂದ ಕಾಪಾಡಿಕೊಳ್ಳಲು ಅವರು ಚಳಿಜ್ವರದಲ್ಲಿ ಒಂದು ಸಂಜೆಯಿಡೀ ನಿಂತಿದ್ದರು. ನಾನು ಕೂಡ ಅವನ ಮೇಲೆ ಮನಸ್ಸಿನಲ್ಲೇ ಉದ್ದದ ಆರೋಪಪಟ್ಟಿ ಸಿದ್ಧಪಡಿಸಿಟ್ಟಿದ್ದೆ.

ಇಲ್ಲಿ ನಾನೊಂದು ತೀರ್ಮಾನಕ್ಕೆ ಬಂದೆ. ಚಪ್ಪಲಿಯ ಬಗ್ಗೆ ವಾದ ಮಾಡುವುದಿಲ್ಲ. ವಾದ ಮಾಡಿದರೆ ಅವರು ನನ್ನೆದುರು ಹಾಕಿ ಹಿಂದಿನಿಂದ ಬಿಚ್ಚುತ್ತಾರೆ, ಪಟ್ಟಿ ಒಗೆದು ಬೆಳ್ಳಗಾಗುತ್ತದೆ, ಮೂರನೆಯ ಜ್ವರ ಬರುತ್ತದೆ. ಕಲ್ಯಾಣ ಸ್ಟೇಷನ್ ರಸ್ತೆಯ ಸರ್ಜಿಕಲ್ ಅಂಗಡಿಯಿಂದ, ಪ್ಲಾಸ್ಟರ್ ಹಾಕಿದವರು ತೊಡುವ ಅಗಲದ ಬಟ್ಟೆಯ ಬೂಟು ತಂದೆ. ಅಡಿಯಲ್ಲಿ ದಪ್ಪ ರಬ್ಬರು, ಮೇಲೆ ಅಂಟುಪಟ್ಟಿ. ಅದನ್ನು ಯಜಮಾನರಿಗೆ ತೋರಿಸಲಿಲ್ಲ. ನೇರ ಅವರ ಹೆಂಡತಿಯ ಮುಂದಿಟ್ಟೆ. ಆ ಮನೆಯ ಮಡಿ-ಮೈಲಿಗೆಯ ಸುಪ್ರೀಂ ಕೋರ್ಟು ಅವರೇ.

ಅವರು ಅದನ್ನು ತಿರುಗಿಸಿ ನೋಡಿದರು.

"ಚರ್ಮ ಉಂಟಾ?"

"ಇಲ್ಲ."

"ರಸ್ತೆಯಲ್ಲಿ ತುಳಿದದ್ದಾ?"

"ಪೆಟ್ಟಿಗೆಯಿಂದ ಈಗ ತೆಗೆದದ್ದು. ಹೋಟೆಲಿನಲ್ಲೇ ಇರಲಿ, ಹೊರಗೆ ಬರುವುದೇ ಬೇಡ."

"ಹಾಗಾದ್ರೆ ಇದು ಚಪ್ಪಲಿ ಅಲ್ಲ, ಔಷಧಿ. ಒಂದು ಹನಿ ಗಂಗೆ ಬಿಟ್ಟು ಕೊಡ್ತೇನೆ."

"ಗಂಗೆ ಬೂಟಿನ ಮೇಲೆ ಬಿಡಿ, ಒಳಗೆ ಬೇಡ" ಎಂದೆ.

ಮೇಲ್ಮನವಿಗೆ ಅವಕಾಶವಿರಲಿಲ್ಲ. ಯಜಮಾನರು ಬೂಟು ತೊಟ್ಟರು. ಭಾವಮೈದ ಗಲ್ಲಾದ ಹಿಂದೆ ಮರದ ಹಲಗೆ ಹೊಡೆಸಿದ, ನೀರು ಗಲ್ಲಾದ ಕಡೆ ಬಾರದೆ ಹಿಂಬಾಗಿಲಾಚೆ ಹೋಗುವಂತೆ ನೆಲ ಒರೆಸುವ ದಿಕ್ಕನ್ನು ಬದಲಿಸಿದ, ಎತ್ತರದ ಕುರ್ಚಿ ತಂದು ಕಾಲಿಡಲು ಮುಂದೊಂದು ಸ್ಟೂಲು ಹಾಕಿದ. ಪಾದದ ಪಟ್ಟಿ ಯಾವಾಗ ಒದ್ದೆಯಾದರೂ ಬದಲಿಸಲು ಒಂದು ಒಣ ಜೊತೆ ಗಲ್ಲಾದಲ್ಲೇ ಇಡಿಸಿದೆ. ಪದೇ ಪದೇ ಬರುವ ಸೋಂಕನ್ನು ತಡೆಯಲು ಡಾಕ್ಟರು ಕಡಿಮೆ ಪ್ರಮಾಣದ ಮಾತ್ರೆಯನ್ನು ತಿಂಗಳುಗಟ್ಟಲೆಗೆ ಬರೆದುಕೊಟ್ಟರು. ನಾನು ಮಾತ್ರ ಆಗಾಗ ಬನ್ಸ್ ತಿನ್ನುವ ನೆಪದಲ್ಲಿ ಹೋಗಿ ಕಟ್ಟೆಯ ಮೇಲೆ ಬಗ್ಗುವುದನ್ನು ಬಿಡಲಿಲ್ಲ. "ನೋಡಿ ಮೇಡಂ, ನೋಡಿ" ಎಂದು ಯಜಮಾನರು ಕಾಲನ್ನೇ ಎತ್ತಿ ತೋರಿಸುತ್ತಿದ್ದರು, ಗಿರಾಕಿಗಳು ನೋಡುತ್ತಿದ್ದರೂ. ಬೆರಳಿನ ಸಂದಿ ಒಣಗಿ ಗುಲಾಬಿ ಬಣ್ಣಕ್ಕೆ ಬರಲು ಮಳೆಗಾಲ ಮುಗಿಯಬೇಕಾಯಿತು.

ಆ ವರ್ಷ ಸೋಂಕು ಮರಳಲಿಲ್ಲ. ಮರುವರ್ಷ ಒಮ್ಮೆ ಬಂತು. ನಡುಕ ಶುರುವಾದ ಕೂಡಲೇ ಯಜಮಾನರು ತಾವೇ ಫೋನು ಮಾಡಿದ್ದರಿಂದ ಮನೆಯಲ್ಲೇ ಮಾತ್ರೆಯಲ್ಲಿ ಇಳಿಯಿತು. ಕಾಲು ಇಂದಿಗೂ ಎಡಗಾಲಿಗಿಂತ ದಪ್ಪವಾಗಿದೆ. ಈಗ ಅವರು ಮಧ್ಯಾಹ್ನದವರೆಗೆ ಗಲ್ಲಾದಲ್ಲಿ ಕೂರುತ್ತಾರೆ, ಆಮೇಲೆ ಮನೆಗೆ ಹೋಗಿ ಕಾಲು ಮೇಲಿಡುತ್ತಾರೆ, ಗಲ್ಲಾದಲ್ಲಿ ಅವರ ಹೆಂಡತಿ ಕೂರುತ್ತಾರೆ.